ಒಡನಾಡಿ ಒಡೆಯನಾದ ಬಗೆ: 'ಸಾಹೇಬ' ಶಬ್ದದ ಸಂಚಾರ

'ಸಾಹೇಬ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಕಚೇರಿಯದು, ಕುರ್ಚಿಯದು, ಬಾಗಿಲಲ್ಲಿ ನಿಂತ ಜವಾನನದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶಾಲಾ ತನಿಖಾಧಿಕಾರಿ ಬರುವ ದಿನ "ಸಾಹೇಬ್ರು ಬರ್ತಾರಂತ" ಎಂಬ ಸುದ್ದಿ ಹಬ್ಬಿದರೆ ಸಾಕು, ಕರಿಹಲಗೆಗೆ ಹೊಸ ಬಣ್ಣ ಬೀಳುತ್ತಿತ್ತು. ಮಕ್ಕಳ ಉಗುರುಗಳು ಒಪ್ಪವಾಗುತ್ತಿದ್ದವು. ಶಿಕ್ಷಕ ವೃತ್ತಿಯಲ್ಲಿ ಆಯುಷ್ಯ ಕಳೆದ ನನ್ನಂಥವರಿಗೆ ಈ ಶಬ್ದದ ತೂಕ ಚೆನ್ನಾಗಿ ಗೊತ್ತು. ಆದರೆ ಅರಬ್ಬೀ ಭಾಷೆಯಲ್ಲಿ ಈ ಪದದ ಮೂಲಾರ್ಥ ಅಧಿಕಾರಿಯೂ ಅಲ್ಲ, ದೊರೆಯೂ ಅಲ್ಲ. ಒಡನಾಡಿ, ಜೊತೆಗಾರ, ಸಂಗಡಿಗ. ಜೊತೆಯಲ್ಲಿ ನಡೆಯುವವನನ್ನು ಸೂಚಿಸುತ್ತಿದ್ದ ಪದವು ಮುಂದೆ ಕುಳಿತು ಆಜ್ಞೆ ಮಾಡುವವನ ಹೆಸರಾದುದು ಹೇಗೆ ಎಂಬುದೇ ಈ ಲೇಖನದ ವಿಚಾರ.

ಅರಬ್ಬೀ ಶಬ್ದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಸ, ಹ, ಬ ಎಂಬ ಮೂರು ವ್ಯಂಜನಗಳ ಧಾತುವಿಗೆ ಜೊತೆಗೂಡು, ಸಂಗಡ ಇರು ಎಂದರ್ಥ. ಅದರಿಂದ 'ಸಾಹಿಬ್' ಎಂದರೆ ಜೊತೆಗಾರ. 'ಸುಹಬತ್' ಎಂದರೆ ಸಂಗ, ಸಹವಾಸ. ಇಸ್ಲಾಮಿಗೂ ಹಿಂದಿನ ಅರಬ್ಬೀ ಕಾವ್ಯದಲ್ಲಿ ಮರಳುಗಾಡಿನಲ್ಲಿ ಪಯಣಿಸುವ ಕವಿ ತನ್ನ ಸಂಗಡಿಗರನ್ನು ಸಂಬೋಧಿಸಿ ಪದ್ಯವನ್ನು ಆರಂಭಿಸುವುದು ಒಂದು ಸಂಪ್ರದಾಯ. ಇಮ್ರುಲ್ ಖೈಸನ ಪ್ರಸಿದ್ಧ ದೀರ್ಘಕವಿತೆಯೂ ಇಬ್ಬರು ಜೊತೆಗಾರರನ್ನು ನಿಲ್ಲಿಸಿ ಮಾತನಾಡಿಸುವುದರಿಂದಲೇ ಮೊದಲಾಗುತ್ತದೆ. ನೀರಿಲ್ಲದ ನಾಡಿನಲ್ಲಿ ಒಂಟಿಯಾಗಿ ನಡೆಯುವವನಿಗೆ ಸಾವು ಸಮೀಪ. ಅಂಥಲ್ಲಿ ಜೊತೆಗಾರನೆಂದರೆ ಅರ್ಧ ಪ್ರಾಣ. ಶಬ್ದದ ಬೇರಿಗೆ ಈ ನೆಲದ ಪಸೆ ಇದೆ.

ಕುರಾನಿನಲ್ಲಿಯೂ ಇದೇ ಅರ್ಥ ಕಾಣುತ್ತದೆ. ಸೆರೆಮನೆಯಲ್ಲಿದ್ದ ಯೂಸುಫನು ತನ್ನೊಂದಿಗೆ ಬಂಧಿಗಳಾಗಿದ್ದ ಇಬ್ಬರನ್ನು ಈ ಪದದಿಂದಲೇ ಕರೆಯುತ್ತಾನೆ. ಪ್ರವಾದಿ ಮುಹಮ್ಮದರು 622ರಲ್ಲಿ ಮಕ್ಕಾ ಬಿಟ್ಟು ಹೊರಟಾಗ ಗುಹೆಯಲ್ಲಿ ಅವರೊಡನಿದ್ದವನನ್ನು ಒಂಬತ್ತನೆಯ ಅಧ್ಯಾಯದಲ್ಲಿ 'ಅವರ ಸಾಹಿಬ್' ಎಂದು ಹೇಳಿದೆ. ಅವರು ಅಬೂಬಕರರೆಂದು ಪರಂಪರೆಯು ನಂಬುತ್ತದೆ. ಪ್ರವಾದಿಗಳನ್ನು ಕಂಡು ನಂಬಿದ ಆ ತಲೆಮಾರಿನವರೆಲ್ಲರಿಗೂ 'ಸಹಾಬಾ' ಎಂಬ ಹೆಸರು ಬಂದಿತು. ಇಲ್ಲಿಗೆ ಪದದ ಬದುಕಿನಲ್ಲಿ ಮೊದಲ ತಿರುವು. ಸಾಮಾನ್ಯ ಸಂಗಡಿಗನ ಹೆಸರು ಮಹಾತ್ಮರೊಬ್ಬರ ಸಾಮೀಪ್ಯದಿಂದ ಪೂಜ್ಯವಾಯಿತು. ಗೌರವ ಹುಟ್ಟಿದುದು ಪದವಿಯಿಂದಲ್ಲ, ಸಂಗದಿಂದ ಎಂಬುದನ್ನು ವಾಚಕರು ಗಮನಿಸಬೇಕು. ಶರಣರ ಸಂಗದ ಮಹಿಮೆಯನ್ನು ಓದಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಪದಕ್ಕೆ ಅರಬ್ಬಿಯಲ್ಲಿ ಇನ್ನೊಂದು ಅರ್ಥವೂ ಬಹು ಹಿಂದಿನಿಂದ ಇದೆ. ಒಂದು ವಸ್ತುವಿನ ಜೊತೆಗಾರ ಅದರ ಯಜಮಾನನೂ ಹೌದು. 'ಸಾಹಿಬುಲ್ ಬೈತ್' ಎಂದರೆ ಮನೆಯೊಡೆಯ. ಕನ್ನಡದಲ್ಲಿ 'ಒಡನಾಡಿ', 'ಒಡೆಯ' ಎಂಬೆರಡು ಪದಗಳು ಕಿವಿಗೆ ನೆರೆಹೊರೆಯವಾಗಿ ಕೇಳಿಸುತ್ತವೆ. ಅವುಗಳ ಧಾತು ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ನಾವು ಎರಡು ಪದಗಳಿಂದ ಹೇಳುವುದನ್ನು ಅರಬ್ಬರು ಒಂದರಲ್ಲಿಯೇ ಅಡಗಿಸಿದರು ಎಂದಷ್ಟೇ ತಾತ್ಪರ್ಯ. ಮುಂದಿನ ಇತಿಹಾಸವೆಲ್ಲ ಈ ಎರಡು ಅರ್ಥಗಳ ನಡುವಣ ಜಗ್ಗಾಟ.

ಬಿರುದಾಗಿ ಈ ಪದ ನೆಲೆಗೊಂಡುದು ಹತ್ತನೆಯ ಶತಮಾನದ ಇರಾನಿನಲ್ಲಿ. ಬುವೈಹಿ ಅರಸರ ಮಂತ್ರಿಯಾಗಿ ರೈ ಪಟ್ಟಣದಿಂದ ರಾಜ್ಯಭಾರ ನಡೆಸಿದ ಇಸ್ಮಾಯಿಲ್ ಇಬ್ನ್ ಅಬ್ಬಾದ್ ಎಂಬವನಿದ್ದನು. ಕ್ರಿ.ಶ. 995ರಲ್ಲಿ ತೀರಿಕೊಂಡ ಈತನು ಮಂತ್ರಿ ಮಾತ್ರನಲ್ಲ. ಕವಿ, ನಿಘಂಟುಕಾರ, ವಿದ್ವಾಂಸರ ಆಶ್ರಯದಾತ. ಇನ್ನೊಬ್ಬ ಅರಸನು ತನ್ನ ಆಸ್ಥಾನಕ್ಕೆ ಕರೆದಾಗ, ತನ್ನ ಗ್ರಂಥಗಳನ್ನು ಹೊರಲು ನಾಲ್ಕುನೂರು ಒಂಟೆಗಳು ಬೇಕಾದಾವು ಎಂದು ಹೇಳಿ ಒಲ್ಲೆನೆಂದನಂತೆ. ಲೆಕ್ಕ ಹೆಚ್ಚಾಗಿದ್ದರೂ ಇರಬಹುದು. ಪುಸ್ತಕದ ಹೊರೆಯನ್ನು ನೆಪವಾಗಿಸಿ ಪದವಿಯನ್ನು ತೊರೆಯುವವನ ಬಗೆಗೆ ಇಂಥ ಕತೆ ಹುಟ್ಟುವುದೂ ಒಂದು ಸಾಕ್ಷ್ಯವೇ. ಈತನಿಗೆ 'ಅಸ್-ಸಾಹಿಬ್' ಎಂದೇ ಹೆಸರು. ಹದಿಮೂರನೆಯ ಶತಮಾನದ ಚರಿತ್ರಕಾರ ಇಬ್ನ್ ಖಲ್ಲಿಕಾನನು ಇದಕ್ಕೆ ಎರಡು ಕಾರಣಗಳನ್ನು ದಾಖಲಿಸಿದ್ದಾನೆ. ತನ್ನ ಗುರುವೂ ಹಿರಿಯ ಮಂತ್ರಿಯೂ ಆಗಿದ್ದ ಇಬ್ನುಲ್ ಅಮೀದನ ಒಡನಾಡಿಯಾಗಿದ್ದುದರಿಂದ ಆ ಹೆಸರು ಬಂದಿತೆಂಬುದು ಒಂದು. ರಾಜಕುಮಾರ ಮುಅಯ್ಯಿದುದ್ದೌಲನ ಬಾಲ್ಯದ ಗೆಳೆಯನಾಗಿದ್ದುದರಿಂದ ಅವನೇ ಹಾಗೆ ಕರೆದನೆಂಬುದು ಇನ್ನೊಂದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಫಲ ಒಂದೇ: ಬಿರುದಿನ ಬೀಜ ಗೆಳೆತನ. ಆದರೆ ಈತನ ನಂತರ ಮಂತ್ರಿಗಳಾದವರು ಯಾರ ಗೆಳೆಯರೂ ಆಗಿರಬೇಕಾಗಿರಲಿಲ್ಲ. ಮಂತ್ರಿಯಾದವನೆಲ್ಲ 'ಸಾಹಿಬ್' ಎನಿಸಿಕೊಂಡನು. ಒಬ್ಬ ವ್ಯಕ್ತಿಯ ಪ್ರೀತಿಯ ಹೆಸರು ಒಂದು ಕುರ್ಚಿಯ ಹೆಸರಾಯಿತು. ನನ್ನ ದೃಷ್ಟಿಯಲ್ಲಿ ಒಡನಾಡಿಯು ಒಡೆಯನಾದ ಗಳಿಗೆ ಇದೇ.

ಆಮೇಲೆ ಪಾರಸಿಯಲ್ಲಿ ಈ ಪದದಿಂದ ಸಮಾಸಗಳ ಸಾಲು ಹುಟ್ಟಿತು. ಮೊಂಗೋಲರ ಆಳ್ವಿಕೆಯಲ್ಲಿ ಹಣಕಾಸಿನ ಮುಖ್ಯಾಧಿಕಾರಿ 'ಸಾಹಿಬ್ ದೀವಾನ್' ಆದನು. ಶುಭಗ್ರಹಗಳ ಸಂಯೋಗದಲ್ಲಿ ಹುಟ್ಟಿದವನೆಂಬರ್ಥದ 'ಸಾಹಿಬ್ ಕಿರಾನ್' ಎಂಬುದು ತೈಮೂರನ ಬಿರುದು. ಮೊಗಲ ದೊರೆ ಷಹಜಹಾನನು ತನ್ನನ್ನು 'ಎರಡನೆಯ ಸಾಹಿಬ್ ಕಿರಾನ್' ಎಂದು ಕರೆದುಕೊಂಡನು. ಸೂಫಿಗಳು ಮಾತ್ರ ಹೃದಯವಂತನಾದ ಅನುಭಾವಿಗೆ 'ಸಾಹಿಬ್ ದಿಲ್' ಎಂದರು. ತುರ್ಕಿಯಲ್ಲಿ 'ಸಾಹಿಪ್' ಎಂದರೆ ಬರಿಯ ಮಾಲೀಕ. ಅಲ್ಲಿ ಮನೆಯ ಬಾಡಿಗೆ ವಸೂಲು ಮಾಡುವವನೂ ಸಾಹಿಪನೇ. ಇದಕ್ಕೆ ವಿರುದ್ಧವಾಗಿ ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ 'ಸಾಹಿಬು' ಇಂದಿಗೂ ಗೆಳೆಯ. ಅರಬ್ಬಿಯ ಮಗಳೇ ಆದ ಮಾಲ್ಟಾ ದ್ವೀಪದ ನುಡಿಯಲ್ಲಿಯೂ ಅದರ ರೂಪಕ್ಕೆ ಜೊತೆಗಾರನೆಂದೇ ಅರ್ಥ. ಮಲಯ ಭಾಷೆಯವರು 'ಸಹಾಬಾ' ಎಂಬ ಬಹುವಚನವನ್ನೇ 'ಸಹಬತ್' ಎಂದು ಮಾಡಿಕೊಂಡು ಸ್ನೇಹಿತನಿಗೆ ಬಳಸುತ್ತಾರೆ. ಸಮುದ್ರದ ದಾರಿಯಲ್ಲಿ, ವ್ಯಾಪಾರಿಗಳ ಬಾಯಲ್ಲಿ ಹೋದ ಕಡೆಗೆ ಗೆಳೆತನದ ಅರ್ಥ ಉಳಿಯಿತು. ಆಸ್ಥಾನಗಳ ಮೂಲಕ, ದಫ್ತರಗಳ ಮೂಲಕ ಸಾಗಿದ ಕಡೆಗೆ ಒಡೆತನದ ಅರ್ಥ ಬೆಳೆಯಿತು. ಇದು ನನ್ನ ಊಹೆ, ಆದರೆ ಉದಾಹರಣೆಗಳು ಅದರ ಕಡೆಗಿವೆ.

ಪಶ್ಚಿಮಕ್ಕೂ ಪದ ಹೋಯಿತು. ಅರಬ್ಬರ ಆಳ್ವಿಕೆಯ ಸ್ಪೇನಿನಲ್ಲಿ ಪಟ್ಟಣದ ಅಧಿಕಾರಿಯು 'ಸಾಹಿಬುಲ್ ಮದೀನಾ', ಸಂತೆಯ ಅಧಿಕಾರಿಯು 'ಸಾಹಿಬುಸ್ ಸೂಕ್'. ಕ್ರೈಸ್ತ ಅರಸರು ಆ ನಾಡನ್ನು ಗೆದ್ದ ಮೇಲೂ ಹುದ್ದೆಗಳು ಉಳಿದವು. ಹೆಸರುಗಳು 'ಸಲ್ಮೆದಿನಾ', 'ಸಬಸೋಕೆ' ಎಂಬಂಥ ರೂಪ ತಾಳಿ ಸ್ಪೇನಿನ ನುಡಿಯಲ್ಲಿ ಬೆರೆತವು. ಗೆದ್ದವರು ಸೋತವರ ಮಾತನ್ನು ಉಳಿಸಿಕೊಳ್ಳುವುದು ಲೋಕದಲ್ಲಿ ಅಪರೂಪವೇನಲ್ಲ.

ಭಾರತಕ್ಕೆ ಬಂದಾಗ ಈ ಶಬ್ದಕ್ಕೆ ದೊರೆತ ಮರ್ಯಾದೆ ಬೇರೆಲ್ಲಿಯೂ ದೊರೆಯಲಿಲ್ಲವೆಂದೇ ಹೇಳಬೇಕು. ಆಸ್ಥಾನದವರು ಅದನ್ನು ಅಮೀರ ಉಮರಾವರಿಗೆ ಕೊಟ್ಟರೆ, ಸಂತರು ನೇರವಾಗಿ ಪರಮಾತ್ಮನಿಗೇ ಕೊಟ್ಟುಬಿಟ್ಟರು. ಕಬೀರನ ಪದಗಳಲ್ಲಿ 'ಸಾಹಿಬ' ಎಂದರೆ ದೇವರು. ಗುರು ನಾನಕರ ವಾಣಿಯಲ್ಲಿಯೂ ಹಾಗೆಯೇ. ನೇಯ್ಗೆಯವನೊಬ್ಬನು, ದಾಸ್ತಾನು ಮಳಿಗೆಯಲ್ಲಿ ಲೆಕ್ಕ ಬರೆದವನೊಬ್ಬನು, ತಮ್ಮ ಕಾಲದ ಅಧಿಕಾರಿಗಳಿಗೆ ಸಲ್ಲುತ್ತಿದ್ದ ಸಂಬೋಧನೆಯನ್ನು ಅವರಿಂದ ಕಿತ್ತು ನಿರಾಕಾರನಿಗೆ ಅರ್ಪಿಸಿದುದರಲ್ಲಿ ಒಂದು ಕೆಚ್ಚು ಇದೆ. ಲೋಕದಲ್ಲಿ ಸಾಹೇಬನೆಂಬವನು ಒಬ್ಬನೇ, ಉಳಿದವರು ಹಾಗೆನ್ನಿಸಿಕೊಳ್ಳಲು ಯಾರು ಎಂಬ ಪ್ರಶ್ನೆ ಆ ಬಳಕೆಯಲ್ಲಿಯೇ ಅಡಗಿದೆ. 'ಒಡೆಯ' ಎಂಬ ಶಬ್ದವನ್ನು ನಮ್ಮ ವಚನಕಾರರು ದೇವರಿಗೂ ಜಂಗಮಕ್ಕೂ ಮೀಸಲಾಗಿ ಬಳಸಿದ ಬಗೆಯನ್ನು ಅಭ್ಯಸಿಸಿದವರು ಈ ಸಾದೃಶ್ಯವನ್ನು ಕೂಡಲೇ ಗುರುತಿಸುವರು.

ಸಿಖ್ಖರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1604ರಲ್ಲಿ ಸಂಕಲಿತವಾದ ಗ್ರಂಥವು ಮುಂದೆ ಗುರುಸ್ಥಾನ ಪಡೆದು 'ಗುರು ಗ್ರಂಥ ಸಾಹಿಬ್' ಆಯಿತು. ಅಮೃತಸರದ ಮಂದಿರ 'ಹರಿಮಂದಿರ ಸಾಹಿಬ್' ಆಯಿತು. ಹರಿ ಎಂಬ ಸಂಸ್ಕೃತ ನಾಮವೂ ಸಾಹಿಬ್ ಎಂಬ ಅರಬ್ಬೀ ಗೌರವವೂ ಒಂದೇ ಹೆಸರಿನಲ್ಲಿ ಯಾವ ಕಸಿವಿಸಿಯೂ ಇಲ್ಲದೆ ಕುಳಿತಿವೆ. ಈ ಪ್ರಸಂಗದಲ್ಲಿ ಕನ್ನಡಿಗರು ನೆನೆಯಬೇಕಾದ ಹೆಸರೊಂದಿದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಹರು ತಲೆಯನ್ನು ಕೊಡುವವರು ಯಾರೆಂದು ಕೇಳಿದಾಗ ಎದ್ದು ಬಂದ ಐವರೇ ಸಿಖ್ಖರ 'ಪಂಚಪ್ರಿಯ'ರು. ಅವರಲ್ಲಿ ಒಬ್ಬನು ಬೀದರದ ಕ್ಷೌರಿಕ ಕುಲದ ಸಾಹಿಬ್ ಚಂದ್ ಎಂದು ಸಿಖ್ ಪರಂಪರೆ ಹೇಳುತ್ತದೆ. ದೀಕ್ಷೆಯಾದ ಮೇಲೆ ಅವನು ಭಾಯಿ ಸಾಹಿಬ್ ಸಿಂಗ್ ಆದನು. 1704ರ ಚಮಕೌರ ಯುದ್ಧದಲ್ಲಿ ಮಡಿದನು. ಕುಲದ ಕಾರಣದಿಂದ ಊರಿನಲ್ಲಿ ಯಾರೂ 'ಸಾಹೇಬ' ಎನ್ನದಿದ್ದವನ ಹೆಸರಿನಲ್ಲಿಯೇ ಆ ಪದವಿತ್ತು. ಅವನೆದುರು ಇಂದು ಒಂದು ಸಮುದಾಯವೆಲ್ಲ ತಲೆಬಾಗುತ್ತದೆ. ಹಡಪದ ಅಪ್ಪಣ್ಣನು ಬಸವಣ್ಣನವರ ಒಡನಾಡಿಯಾಗಿ ಬಾಳಿದ ಕಲ್ಯಾಣವೂ ಇಂದು ಬೀದರ ಜಿಲ್ಲೆಯಲ್ಲಿಯೇ ಇದೆ. ಐದುನೂರು ವರ್ಷಗಳ ಅಂತರದ ಈ ಎರಡು ಘಟನೆಗಳಿಗೆ ಐತಿಹಾಸಿಕ ನಂಟನ್ನು ಕಲ್ಪಿಸುವುದು ಸಲ್ಲದು. ಆದರೂ ಬೀದರಕ್ಕೆ ಹೋದವರು ನಾನಕ ಝೀರಾ ಸಾಹಿಬ್ ಗುರುದ್ವಾರದ ಬುಗ್ಗೆಯ ಬಳಿ ನಿಂತಾಗ ಎರಡನ್ನೂ ನೆನೆದರೆ ತಪ್ಪೇನಿಲ್ಲ.

ದಕ್ಷಿಣಕ್ಕೆ ಪದವನ್ನು ತಂದುದು ಮುಖ್ಯವಾಗಿ ಪಾರಸೀ. 1347ರಲ್ಲಿ ಕಲಬುರ್ಗಿಯಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯ, ಅದರ ನಂತರದ ವಿಜಾಪುರದ ಆದಿಲಶಾಹಿ, ಇವುಗಳ ದಫ್ತರಗಳಿಂದ ಅರ್ಜಿ, ವಕೀಲ, ತಹಸೀಲದಾರ ಮೊದಲಾದ ಮಾತುಗಳು ಕನ್ನಡಕ್ಕೆ ಇಳಿದಂತೆ ಇದೂ ಇಳಿಯಿತು. 'ಸಾಹಿಬ್' ಎಂಬುದರ ಇಕಾರವು ಪಾರಸೀ ಉಚ್ಚಾರದಲ್ಲಿ ಎಕಾರಕ್ಕೆ ಸಮೀಪ. ಮರಾಠಿಯಲ್ಲಿ ಅದು 'ಸಾಹೇಬ'. ನಮ್ಮಲ್ಲಿಯೂ ಅದೇ ರೂಪ ನಿಂತಿತು. ಕೊಡುಕೊಳೆ ಒಂದೇ ದಿಕ್ಕಿನದೆಂದು ಯಾರೂ ಭಾವಿಸಬಾರದು. ಅದೇ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನು (1580–1627) ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಿದ ಸಂಗೀತಪ್ರಿಯ; ಅವನಿಗೆ 'ಜಗದ್ಗುರು' ಎಂಬ ಬಿರುದು. ನಮ್ಮ ಪೀಠಗಳಿಗೆ ಸಲ್ಲುವ ಶಬ್ದ ಒಬ್ಬ ಸುಲ್ತಾನನ ಮುಡಿಗೇರಿತು. ಅವರ ಶಬ್ದ ನಮ್ಮ ದೇಸಾಯಿ, ದೇಶಪಾಂಡೆ, ಗೌಡರ ಮನೆಗಳಲ್ಲಿ ರಾವಸಾಹೇಬ, ಅಪ್ಪಾಸಾಹೇಬ, ಅಣ್ಣಾಸಾಹೇಬ ಎಂದು ಮಕ್ಕಳ ಹೆಸರಾಯಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ನರಗುಂದದ ಭಾಸ್ಕರರಾವ ಭಾವೆ ಜನರ ಬಾಯಲ್ಲಿ ಬಾಬಾಸಾಹೇಬ. ಭೀಮರಾವ್ ಅಂಬೇಡಕರರೂ (1891–1956) ಬಾಬಾಸಾಹೇಬರು. ಯಾವ ಸರಕಾರವೂ ಕೊಡದ ಈ ಬಿರುದು ಜನರ ಪ್ರೀತಿಯಿಂದ ಬಂದುದು.

ಸರಕಾರ ಕೊಟ್ಟುದರ ಕತೆ ಬೇರೆ. ಬ್ರಿಟಿಷರ ಕಾಲದಲ್ಲಿ 'ಸಾಹೇಬ' ಎಂದರೆ ಬಿಳಿಯ ಎಂಬರ್ಥ ಬಲವಾಯಿತು. ಬಂಗಾಳಿಯಲ್ಲಿ ಇಸ್ಪೀಟಿನ ರಾಜನ ಎಲೆಗೂ 'ಸಾಹೇಬ' ಎಂದೇ ಹೆಸರು. ಇಂಗ್ಲಿಷಿನ 'ಮ್ಯಾಮ್'ಗೆ ಅರಬ್ಬಿಯ ಸಾಹಿಬ್ ಕೂಡಿ 'ಮೇಮ್‌ಸಾಹೇಬ್' ಹುಟ್ಟಿತು; ಅರಬ್ಬಿಯಲ್ಲಿ 'ಸಾಹಿಬಾ' ಎಂಬ ಸ್ತ್ರೀಲಿಂಗವಿದ್ದರೂ ಹೆಂಗಸಿಗೆ ಪುಲ್ಲಿಂಗವನ್ನೇ ಅಂಟಿಸಿದರು. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಅವರ ಕೋಶದಲ್ಲಿ ಈ ಪದಕ್ಕೆ ಪ್ರತ್ಯೇಕ ಉಲ್ಲೇಖವುಂಟು. ತಮ್ಮನ್ನು ಸಾಹೇಬರೆನ್ನಿಸಿಕೊಂಡ ಆ ಆಡಳಿತಗಾರರು ತಮಗೆ ಬೇಕಾದ ಭಾರತೀಯರಿಗೆ ಖಾನ್ ಸಾಹೇಬ್, ರಾಯ್ ಸಾಹೇಬ್, ರಾವ್ ಸಾಹೇಬ್ ಎಂದು ಮತಕ್ಕೆ, ಪ್ರಾಂತಕ್ಕೆ ತಕ್ಕಂತೆ ಹಂಚಿದರು. ಅದರ ಮೇಲಿನ ಮೆಟ್ಟಿಲು ರಾವ್ ಬಹಾದ್ದೂರ್. 1947ರಲ್ಲಿ ಆ ಪದ್ಧತಿ ನಿಂತಿತು. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ಕೊಡುವುದನ್ನೇ ರದ್ದುಗೊಳಿಸಿತು.

ಇಂಥ ಬಿರುದಾಂಕಿತರಲ್ಲಿ ನಮ್ಮ ವಾಚಕರಿಗೆ ಅತ್ಯಂತ ಆಪ್ತರಾದವರು ವಚನಪಿತಾಮಹ ಫ.ಗು. ಹಳಕಟ್ಟಿಯವರು (1880–1964). ಅವರೂ ರಾವ್ ಬಹಾದ್ದೂರರೇ. ಆದರೆ ಅವರ ಹೆಸರಿನ ಮೊದಲಕ್ಷರವನ್ನು ಬಿಡಿಸಿ ನೋಡಿದವರು ಕಡಿಮೆ. ಅದು ಫಕೀರಪ್ಪ. ಅರಬ್ಬಿಯ 'ಫಕೀರ್' ಎಂದರೆ ಬಡವ, ದೇವರೆದುರು ಏನೂ ಇಲ್ಲದವ. ಅದಕ್ಕೆ ಕನ್ನಡದ 'ಅಪ್ಪ' ಕೂಡಿತು. ಉತ್ತರ ಕರ್ನಾಟಕದ ಲಿಂಗವಂತ ಮನೆಗಳಲ್ಲಿ ಈ ಹೆಸರು ಸಾಮಾನ್ಯ. ಶಿರಹಟ್ಟಿಯ ಫಕೀರೇಶ್ವರ ಮಠದ ಸ್ವಾಮಿಗಳ ಹೆಸರಿಗೇ 'ಫಕೀರ' ಎಂಬುದು ಸೇರಿ ಬರುತ್ತದೆ. ವಿಜಾಪುರದಲ್ಲಿ ವಕೀಲಿ ಮಾಡುತ್ತ, ತಾಡೋಲೆಗಳನ್ನು ಹುಡುಕಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದು, 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿ, ಮುದ್ರಣಾಲಯಕ್ಕಾಗಿ ಮನೆಯನ್ನೂ ಮಾರಿದ ಆ ಮಹನೀಯರಿಗೆ ಸರಕಾರ ಕೊಟ್ಟ ಬಿರುದಿಗಿಂತ ತಾಯಿತಂದೆ ಕೊಟ್ಟ ಹೆಸರೇ ಹೆಚ್ಚು ಒಪ್ಪಿತು. ವಚನಗಳು ಇಂದು ನಮ್ಮ ಕೈಯಲ್ಲಿರುವುದು ಒಬ್ಬ ಫಕೀರಪ್ಪನ ದುಡಿಮೆಯಿಂದ ಎಂಬುದನ್ನು, ಕನ್ನಡದಿಂದ ಅರಬ್ಬೀ ಪಾರಸೀ ಪದಗಳನ್ನೆಲ್ಲ ಗುಡಿಸಿ ಹಾಕಬೇಕೆನ್ನುವವರು ಒಂದು ಕ್ಷಣ ಯೋಚಿಸಬೇಕು.

ಇನ್ನು 'ಸಾಬ'ನ ವಿಚಾರ. ಎರಡು ಸ್ವರಗಳ ನಡುವಣ ಹಕಾರ ಆಡುಮಾತಿನಲ್ಲಿ ಸವೆದು ಸಾಹೇಬನು ಸಾಬನಾದನು. ಒಂದೇ ಪದದ ಎರಡು ರೂಪಗಳಿಗೆ ಎರಡು ಹಣೆಬರಹ. 'ಸಾಹೇಬ' ಕಚೇರಿಗೆ ಏರಿದರೆ 'ಸಾಬ' ಬೀದಿಗೆ ಇಳಿಯಿತು. ಹುಸೇನಸಾಬ, ನಬೀಸಾಬ, ರಾಜಾಸಾಬ ಎಂದು ಹೆಸರಿನ ಕೊನೆಗೆ ಗೌರವವಾಗಿ ಸೇರುತ್ತಿದ್ದುದು ಕ್ರಮೇಣ 'ಸಾಬರು' ಎಂದು ಇಡೀ ಮುಸಲ್ಮಾನ ಸಮುದಾಯದ ಹೆಸರಾಯಿತು. ಕೆಲವರ ಬಾಯಲ್ಲಿ ಅದಕ್ಕೆ ಕೊಂಕಿನ ಧ್ವನಿಯೂ ಹತ್ತಿತು. ಗೋಕುಲಾಷ್ಟಮಿಗೂ ಇಮಾಂ ಸಾಬಿಗೂ ಏನು ಸಂಬಂಧ ಎಂಬ ಗಾದೆಯನ್ನು ಆಡದವರಿಲ್ಲ. ಇಮಾಂ ಎಂದರೆ ಮುಂದೆ ನಿಂತು ಪ್ರಾರ್ಥನೆ ನಡೆಸುವವ. ಸಾಬ ಎಂದರೆ ಸಂಗಡಿಗ. ಗಾದೆಯಲ್ಲಿ ಸಂಬಂಧವೇ ಇಲ್ಲದವನೆಂದು ಹಂಗಿಸಿಕೊಂಡವನ ಹೆಸರಿಗೇ ಸಂಬಂಧವುಳ್ಳವನೆಂಬ ಅರ್ಥವಿರುವುದು ವಿನೋದ. ಹಾಗೆ ನೋಡಿದರೆ ಸಂಬಂಧವನ್ನು ಬಾಳಿ ತೋರಿಸಿದವರು ನಮ್ಮ ನಡುವೆಯೇ ಇದ್ದರು. ಶಿಶುವಿನಹಾಳದ ಇಮಾಂ ಸಾಹೇಬರ ಮಗ ಶರೀಫರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಕನ್ನಡದ ತತ್ತ್ವಪದಗಳಿಗೆ ಮೇಟಿಯಾದರು; ಮೊಹರಮ್ಮಿನ ಹಾಡುಗಳನ್ನೂ ಕಟ್ಟಿದರು. ಶರೀಫ ಎಂಬುದೂ ಕುಲೀನ ಎಂಬರ್ಥದ ಅರಬ್ಬೀ ಬಿರುದೇ. (ಇಂಗ್ಲಿಷಿನ 'ಶೆರಿಫ್' ಎಂಬ ಅಧಿಕಾರಿಯ ಹೆಸರು ಇದರಿಂದ ಬಂದಿತೆಂದು ಕೆಲವರು ಹೇಳುವುದುಂಟು. ಅದು ನಿಜವಲ್ಲ, ಆ ಪದ ಹಳೆಯ ಇಂಗ್ಲಿಷಿನದೇ.)

ಸಾಬ ಎಂಬುದಕ್ಕೆ ಹಳೆಯ ಮರ್ಯಾದೆ ಮರಳಿದ ಒಂದು ಪ್ರಸಂಗ ನಮ್ಮ ಕಾಲದಲ್ಲಿಯೇ ನಡೆಯಿತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟ ಸೇರಿದ ಅಬ್ದುಲ್ ನಜೀರ್‌ಸಾಬರು ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹಳ್ಳಿ ಹಳ್ಳಿಗೂ ಕೊಳವೆಬಾವಿ ಕೊರೆಸಿದರು. ಬಿಂದಿಗೆ ಹೊತ್ತು ಹರದಾರಿ ನಡೆಯುತ್ತಿದ್ದ ಹೆಂಗಸರು ಊರಲ್ಲೇ ನೀರು ಕಂಡರು. ಜನರು ಅವರನ್ನು 'ನೀರುಸಾಬ' ಎಂದು ಕರೆದರು. ಅವರು 1988ರಲ್ಲಿ ತೀರಿಕೊಂಡರೂ ಹೆಸರು ಉಳಿದಿದೆ. ನೀರಿಲ್ಲದ ದಾರಿಯಲ್ಲಿ ಜೊತೆಗಿರುವವನೇ ಸಾಹಿಬ್ ಎಂಬ ಮರುಭೂಮಿಯ ಅರ್ಥ ಆ ಹಳ್ಳಿಗರಿಗೆ ತಿಳಿದಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ.

ಕೊನೆಯದಾಗಿ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಗೆಳೆತನದ ಮೂಲಾರ್ಥ ಕನ್ನಡದಲ್ಲಿ ಪೂರ್ಣ ಅಳಿದುಹೋಯಿತೆಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯ ಹಿರಿಯರು ಮಗನಿಗೆ ಬುದ್ಧಿ ಹೇಳುವಾಗ "ಅವರ ಸೋಬತಿ ಮಾಡಬ್ಯಾಡ" ಎನ್ನುತ್ತಾರೆ. ಈ 'ಸೋಬತಿ' ಮರಾಠಿಯ 'ಸೋಬತ'ದಿಂದ ಬಂದುದು. ಮರಾಠಿಗೆ ಅದು ಅರಬ್ಬಿಯ 'ಸುಹಬತ್'ನಿಂದ. ಅಂದರೆ ಸಾಹೇಬನೂ ಸೋಬತಿಯೂ ಒಂದೇ ಧಾತುವಿನ ಮಕ್ಕಳು. ಕಚೇರಿಯೊಳಗೆ ಕುಳಿತವನನ್ನು ಸಾಹೇಬನೆಂದೂ, ಹೊರಗೆ ತನ್ನೊಡನೆ ಕಟ್ಟೆಯ ಮೇಲೆ ಕಾಯುತ್ತ ಕುಳಿತವನನ್ನು ಸೋಬತಿಯೆಂದೂ ನಮ್ಮ ರೈತನು ಒಂದೇ ಉಸಿರಿನಲ್ಲಿ ಕರೆಯುತ್ತಾನೆ.